ಪೊರೆ ಶಸ್ತ್ರಚಿಕಿತ್ಸೆಗೆ ಮುನ್ನ ಕಣ್ಣಿನ ಅಳತೆ

ಕಣ್ಣಿನ ಪೊರೆ ತೆಗೆದು ಕೃತಕ ಮಸೂರವನ್ನು ಅಳವಡಿಸುವ ಮುನ್ನ ಕಾರ್ನಿಯಾದ, ಅಂದರೆ ಕಪ್ಪುಗುಡ್ಡೆಯ ಮುಂದಿನ ಪಾರದರ್ಶಕ ಪಟಲದ, ಬಾಗನ್ನು ಅಳೆಯುತ್ತಾರೆ. ಈ ಅಳತೆ 1 ಡಯಾಪ್ಟರ್ ತಪ್ಪಿದರೆ ಮಸೂರದ ಲೆಕ್ಕವೂ ಹೆಚ್ಚುಕಡಿಮೆ ಅಷ್ಟೇ ತಪ್ಪುತ್ತದೆ; ಶಸ್ತ್ರಚಿಕಿತ್ಸೆ ಸುಸೂತ್ರವಾಗಿ ನೆರವೇರಿದರೂ ನೋಟ ಮಸುಕಾಗಿಯೇ ಉಳಿಯುತ್ತದೆ.

ಕೈಯಿಂದ ಹೊಂದಿಸುವ ಕೆರಟೋಮೀಟರ್ ನಡುವಿನ ಸುಮಾರು 3 ಮಿಲಿಮೀಟರ್ ಭಾಗದ ಮುಂಬದಿಯನ್ನಷ್ಟೇ ಬಲ್ಲದು. ಟೋಪೋಗ್ರಫಿ ಯಂತ್ರವು ಮೇಲ್ಮೈಯ ವಿಸ್ತಾರವಾದ ನಕ್ಷೆಯನ್ನೇ ಬರೆಯುತ್ತದೆ. ಹಿಂದೆ ಲೇಸಿಕ್ ಮಾಡಿಸಿಕೊಂಡವರಲ್ಲಿ ಮೊದಲನೆಯದನ್ನೊಂದೇ ನಂಬಲಾಗದು. ಆ ಸಂಗತಿಯನ್ನು ನೇತ್ರವೈದ್ಯರಿಗೆ ಮುಚ್ಚಿಡಬಾರದು.

ಕಣ್ಣೀರಿನ ಪದರ ಕೆಟ್ಟಿದ್ದರೆ ಯಾವ ಯಂತ್ರದ ಅಂಕಿಯೂ ಸ್ಥಿರವಾಗಿರದು. ಆದ್ದರಿಂದ ಅಳತೆಯ ದಿನ ಅಂಜನ, ತುಪ್ಪ ಮೊದಲಾದವನ್ನು, ನಾವೇ ಕೊಟ್ಟದ್ದಾದರೂ ಸರಿ, ಕಣ್ಣಿಗೆ ಹಾಕಬಾರದು. ಕಾಂಟ್ಯಾಕ್ಟ್ ಲೆನ್ಸ್ ಧರಿಸುವವರು ಅದನ್ನು ವೈದ್ಯರು ಹೇಳಿದಷ್ಟು ದಿನ ಮೊದಲೇ ಬಿಟ್ಟಿರಬೇಕು. ಎರಡು ಯಂತ್ರಗಳ ಅಂಕಿಗಳು ಹೊಂದದಿದ್ದರೆ ಮತ್ತೊಮ್ಮೆ ಅಳೆಯಿರೆಂದು ಕೇಳಲು ಸದ್ಭಕ್ತರು ಸಂಕೋಚಪಡಬಾರದು.