ಆರು ವಾರ ಮೂಟೆ ಎತ್ತಬೇಡ, ತಮ್ಮಾ

ತಮ್ಮಾ, ಎದೆಯ ಆಪರೇಷನ್ನಿಗೆ ತಾರೀಖು ಗೊತ್ತುಮಾಡುವ ಮೊದಲು ಮನೆಯಲ್ಲಿ ಅಡಿಕೆ ಕೊಯ್ಲು ಯಾವಾಗ ಮುಗಿಯುತ್ತೆ ಅಂತ ವಿಚಾರಿಸು. ನಗಬೇಡ ಮಾರಾಯ. ನಮ್ಮ ಶಿಕಾರಿಪುರ, ಸೊರಬದ ಕಡೆ ಸುಗ್ಗಿಯಲ್ಲಿ ಒಬ್ಬ ಗಂಡಾಳು ಮಂಚದ ಮೇಲೆ ಮಲಗಿದ್ದರೆ ಎಲ್ಲರ ಕಣ್ಣೂ ಅತ್ತಲೇ. ಅವರು ಸುಮ್ಮನಿದ್ದರೂ, ಅಂಗಳದಲ್ಲಿ ಅಡಿಕೆ ಸುಲಿಯುವವರ ಮಾತು ಕಿವಿಗೆ ಬೀಳುತ್ತಿರುವಾಗ ನಿನಗೇ ಮಲಗಲಾಗುವುದಿಲ್ಲ. ಕೊನೆ ಇಳಿದು, ಸುಲಿದು, ಬೇಯಿಸಿ, ಒಣಗಿಸಿ ಎಲ್ಲಾ ಮಂಡಿಗೆ ಹೋಗಲಿ. ಆಮೇಲೆ ಜನವರಿಯಲ್ಲೋ ಫೆಬ್ರವರಿಯಲ್ಲೋ ಶಿವಮೊಗ್ಗಕ್ಕೆ ಹೋಗಿ ಬೆಂಗಳೂರಿನ ರೈಲು ಹತ್ತು. ಮಳೆಗಾಲವಂತೂ ಬೇಡವೇ ಬೇಡ. ಆಪರೇಷನ್ ಆದ ಮೇಲೆ ಎದೆಗೆ ಹಾಕಿಕೊಳ್ಳುವ ಬಿಗಿ ವೆಸ್ಟನ್ನು ಆಷಾಢದಲ್ಲಿ ಒಗೆದು ಹಾಕಿದರೆ ಎರಡು ದಿನವಾದರೂ ಒಣಗುವುದಿಲ್ಲ. ಹಸಿ ಬಟ್ಟೆ ಬಿಗಿದುಕೊಂಡರೆ ಹೊಲಿಗೆಯ ಸುತ್ತ ಚರ್ಮ ಬೆಂದುಹೋಗುತ್ತದೆ. ಯಾವ ಕಾಲವಾದರೂ ವೆಸ್ಟ್ ಎರಡು ತಗೋ.

ಗಾಯ ಒಣಗುತ್ತದೆ, ಅದರ ಬಗ್ಗೆ ನನಗೆ ಅಂಥ ಚಿಂತೆಯಿಲ್ಲ. ನಿನ್ನ ಹುರುಪು ನೋಡಿದರೇ ಭಯ. ನಮ್ಮೂರುಗಳಲ್ಲಿ ಗಂಡಸು ಅಂದರೆ ಎತ್ತುವವನು. ಅಡಿಕೆ ಮೂಟೆ, ಗೊಬ್ಬರದ ಚೀಲ, ಗ್ಯಾಸ್ ಸಿಲಿಂಡರ್, ದೇವರ ಪಲ್ಲಕ್ಕಿ. ವರ್ಷಗಟ್ಟಲೆ ನಮ್ಮಂಥ ಟ್ರಾನ್ಸ್ ಗಂಡಸರನ್ನು ಯಾರೂ ಆ ಲೆಕ್ಕಕ್ಕೆ ಸೇರಿಸಿಕೊಳ್ಳಲಿಲ್ಲ. ಈಗ ಎದೆ ಸಪಾಟಾಯಿತು, ಇನ್ನು ತೋರಿಸಿಯೇ ಬಿಡುತ್ತೇನೆ ಅಂತ ವಾರ ಕಳೆಯುವಷ್ಟರಲ್ಲಿ ಚೀಲಕ್ಕೆ ಹೆಗಲು ಕೊಡುವ ಹುಡುಗರು ನಮ್ಮಲ್ಲಿದ್ದಾರೆ. ಹಾಗೆ ಮಾಡಿದವನೊಬ್ಬನ ಎದೆಯ ಮೇಲೆ ಹೊಲಿಗೆ ಅಗಲವಾಗಿ, ಹಗ್ಗದಷ್ಟು ದಪ್ಪ ಕಲೆ ಕೂತಿದೆ. ಇನ್ನೊಬ್ಬರ ಕೈಯಲ್ಲಿ ಮಾಡಿಸಿಕೊಂಡು ಆರು ವಾರ ಕೂತಿದ್ದರೆ ನಿನ್ನ ಗಂಡಸುತನದಿಂದ ಏನೂ ಕಳೆದುಹೋಗುವುದಿಲ್ಲ. ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಇಷ್ಟೇ. ಉಳಿದದ್ದೆಲ್ಲ ಅದಕ್ಕೆ ಹೊಂದಿಕೊಂಡ ಮಾತು.

ಹೋಗುವ ಮುಂಚೆ ಬಿಡಬೇಕಾದದ್ದು ತಂಬಾಕು. ಬೀಡಿ, ಸಿಗರೇಟು ಮಾತ್ರ ಅಲ್ಲ, ಗುಟ್ಕಾ ಮತ್ತು ಎಲೆಯಡಿಕೆಗೆ ಸೇರಿಸುವ ಹೊಗೆಸೊಪ್ಪಿನ ಎಸಳೂ ಅದೇ ಲೆಕ್ಕ. ಎದೆ ದೊಡ್ಡದಿದ್ದವರಿಗೆ ಕೆಳಗೆ ಎರಡು ಕಡೆ ಅಡ್ಡಕ್ಕೆ ಉದ್ದವಾಗಿ ಕೊಯ್ದು, ಮೊಲೆತೊಟ್ಟನ್ನು ಬಿಡಿಸಿ, ಸಣ್ಣದು ಮಾಡಿ, ಹೊಸ ಜಾಗದಲ್ಲಿ ಕಸಿ ಕೂರಿಸುತ್ತಾರೆ. ಆ ಕಸಿ ಬದುಕಬೇಕಾದರೆ ಅಡಿಯಿಂದ ರಕ್ತ ಹರಿಯಬೇಕು. ನಿಕೋಟಿನ್ ಆ ಸಣ್ಣ ನಾಳಗಳನ್ನೇ ಹಿಂಡಿಬಿಡುತ್ತದೆ. ಕನಿಷ್ಠ ನಾಲ್ಕು ವಾರ ಮುಂಚೆ, ನಾಲ್ಕು ವಾರ ಆಮೇಲೆ ಮುಟ್ಟಬೇಡ. ಟೆಸ್ಟೋಸ್ಟೆರಾನ್ ಇಂಜೆಕ್ಷನ್ ನಿಲ್ಲಿಸಬೇಕೋ ಬೇಡವೋ ಅನ್ನುವುದನ್ನು ಸರ್ಜನ್ ಹೇಳಲಿ, ವಾಟ್ಸಾಪ್ ಗುಂಪು ಹೇಳುವುದು ಬೇಡ.

ಎಚ್ಚರವಾದಾಗ ಎರಡೂ ಪಕ್ಕೆಯಿಂದ ಒಂದೊಂದು ಪ್ಲಾಸ್ಟಿಕ್ ನಳಿಗೆ ಹೊರಬಂದು, ತುದಿಯಲ್ಲಿ ಮುಷ್ಟಿಗಾತ್ರದ ಬುಡ್ಡಿ ನೇತಾಡುತ್ತಿರುತ್ತದೆ. ಅದೇ ಡ್ರೈನ್. ಕೆಲವು ಸರ್ಜನ್‌ಗಳು ಹಾಕುವುದಿಲ್ಲ, ಬಹಳಷ್ಟು ಜನ ಹಾಕುತ್ತಾರೆ. ಒಳಗೆ ಸೇರುವ ರಕ್ತ, ನೀರು ಅದರಲ್ಲಿ ಬಂದು ತುಂಬುತ್ತದೆ. ಖಾಲಿ ಮಾಡುವುದನ್ನು ನರ್ಸಮ್ಮನ ಎದುರಿಗೇ ಕಲಿತುಕೋ, ಜೊತೆಗೆ ಬಂದವರಿಗೂ ಕಲಿಸು. ಕೈ ತೊಳೆ, ಮುಚ್ಚಳ ತೆಗೆ, ಅಳತೆ ಲೋಟಕ್ಕೆ ಸುರಿ, ಎಷ್ಟು ಮಿಲಿ ಅಂತ ಬಲ ಎಡ ಬೇರೆಬೇರೆಯಾಗಿ ಬರೆ. ಆಮೇಲೆ ಬುಡ್ಡಿಯನ್ನು ಚಪ್ಪಟೆಯಾಗುವಂತೆ ಹಿಂಡಿ, ಹಿಂಡಿದಂತೆಯೇ ಮುಚ್ಚಳ ಹಾಕು. ಹಿಂಡದೆ ಮುಚ್ಚಿದರೆ ಅದು ಎಳೆಯುವುದೇ ಇಲ್ಲ. ಮೊದಲು ಕೆಂಪು, ಆಮೇಲೆ ತಿಳಿಗುಲಾಬಿ, ಕೊನೆಗೆ ಹಳದಿ ನೀರು. ದಿನಕ್ಕೆ 20–30 ಮಿಲಿಗಿಂತ ಕಡಿಮೆಯಾದರೆ ಸಾಮಾನ್ಯವಾಗಿ ತೆಗೆಯುತ್ತಾರೆ. ಹೆಚ್ಚುಕಡಿಮೆ ಒಂದು ವಾರ ಹಿಡಿಯುತ್ತದೆ. ಅಲ್ಲಿಯವರೆಗೆ ಊರಿಗೆ ಹೊರಡಬೇಡ. ಬೆಂಗಳೂರಿನಲ್ಲಿ ಯಾರದಾದರೂ ರೂಮಿನಲ್ಲಿ ಇದ್ದುಬಿಡು. ಡ್ರೈನ್ ನೇತುಹಾಕಿಕೊಂಡು ನಮ್ಮ ರಸ್ತೆಗಳಲ್ಲಿ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂರುವುದು ಶತ್ರುವಿಗೂ ಬೇಡ. ಕೊನೆಗೆ ಹೊರಟಾಗಲೂ ಶಿವಮೊಗ್ಗದವರೆಗೆ ರೈಲು, ಅಲ್ಲಿಂದ ಕಾರು. ಸೀಟ್ ಬೆಲ್ಟಿಗೂ ಎದೆಗೂ ನಡುವೆ ಮಡಿಸಿದ ಟವೆಲ್ ಇಟ್ಟುಕೋ. ಬ್ಯಾಗು ಬೇರೆಯವರು ಹಿಡಿಯಲಿ.

ಮೊದಲ ಸಲ ಡ್ರೆಸ್ಸಿಂಗ್ ಬಿಚ್ಚಿದಾಗ ಹೆದರುವವರೇ ಹೆಚ್ಚು. ಕಸಿ ಮಾಡಿದ ತೊಟ್ಟು ಕಪ್ಪಗೆ, ಹೆಪ್ಪುಗಟ್ಟಿ, ಸತ್ತೇಹೋದಂತೆ ಕಾಣುತ್ತದೆ. ಮೇಲಿನ ಆ ಹಕ್ಕಳೆ ಎರಡು ಮೂರು ವಾರಗಳಲ್ಲಿ ತಾನಾಗಿ ಉದುರಿ ಕೆಳಗೆ ಗುಲಾಬಿ ಚರ್ಮ ಕಾಣಿಸುತ್ತದೆ. ಕೀಳಬೇಡ. ಅರಿಶಿನ, ಕೊಬ್ಬರಿ ಎಣ್ಣೆ, ಯಾರೋ ಕಾಡಿನಿಂದ ತಂದ ಸೊಪ್ಪಿನ ರಸ ಯಾವುದನ್ನೂ ಹಚ್ಚಲು ಬಿಡಬೇಡ. ಅಜ್ಜಿಗೆ ಬೇಸರವಾಗುತ್ತದೆ, ಆಗಲಿ. ಅರಿಶಿನವನ್ನು ಹಾಲಿಗೆ ಹಾಕಿ ಕೊಡಲಿ, ಕುಡಿ.

ಎದೆ ತಿಂಗಳುಗಟ್ಟಲೆ ಜೋಮು ಹಿಡಿದಂತಿರುತ್ತದೆ. ಸ್ಪರ್ಶ ನಿಧಾನವಾಗಿ, ಅಲ್ಲಲ್ಲಿ ಮರಳುತ್ತದೆ. ಕೆಲವರಿಗೆ ಪೂರ್ತಿ ಮರಳುವುದೇ ಇಲ್ಲ. ನಮ್ಮ ಬಚ್ಚಲಮನೆಗಳಲ್ಲಿ ಇದರ ಅಪಾಯ ಬೇರೆ. ಹಂಡೆಯಲ್ಲಿ ಕುದಿಯುವ ನೀರನ್ನು ತೋಡಿ ಸುರಿದುಕೊಂಡರೆ ಎದೆಗೆ ಬಿಸಿ ಗೊತ್ತೇ ಆಗುವುದಿಲ್ಲ, ಬೊಬ್ಬೆ ಎದ್ದ ಮೇಲೇ ತಿಳಿಯುವುದು. ನೀರನ್ನು ಬೇರೆಯವರು ಬೆರೆಸಲಿ, ನೀನು ಮೊಣಕೈ ಅದ್ದಿ ನೋಡು. ಬಿಸಿನೀರಿನ ಬ್ಯಾಗ್ ಎದೆಯ ಹತ್ತಿರ ತರಬೇಡ. ಡ್ರೈನ್ ಇರುವವರೆಗೆ ಸೊಂಟದ ಕೆಳಗೆ ಮಾತ್ರ ಸ್ನಾನ. ಆಮೇಲೂ ಚೊಂಬನ್ನು ತಲೆಯ ಮೇಲಕ್ಕೆ ಎತ್ತದೆ, ಇನ್ನೊಬ್ಬರ ಕೈಯಲ್ಲಿ ಸುರಿಸಿಕೋ. ಪಾಯಖಾನೆ ಕುಕ್ಕರುಗಾಲಿನದಾದರೆ ಕಮೋಡ್ ಕುರ್ಚಿ ಒಂದನ್ನು ತಂದಿಡಿಸು, ಗೋಡೆಗೆ ಕೈಯೂರಿ ಏಳುವಾಗ ಎದೆಯ ಸ್ನಾಯುವೇ ಎಳೆಯುವುದು. ನೋವಿನ ಮಾತ್ರೆಗೆ ಹೊಟ್ಟೆ ಕಟ್ಟುತ್ತದೆ, ತಿಣುಕಬೇಡ. ಬಾಳೆಹಣ್ಣು, ಸೊಪ್ಪು, ನೀರು.

ಲುಂಗಿ, ಮುಂದೆ ಗುಂಡಿ ಇರುವ ಅಂಗಿ, ಅಷ್ಟು ಸಾಕು. ತಲೆಯ ಮೇಲಿಂದ ಹಾಕುವ ಬನಿಯನ್ ಪೆಟ್ಟಿಗೆಯಲ್ಲೇ ಇರಲಿ. ಮಲಗುವುದು ಅಂಗಾತ, ಬೆನ್ನಿಗೆ ಎರಡು ದಿಂಬು ಕೊಟ್ಟು. ವೆಸ್ಟನ್ನು, ಎದೆ ಅಡಗಿಸಲು ಕಟ್ಟುತ್ತಿದ್ದ ಹಳೆಯ ಬೈಂಡರಿನಂತೆ, ಉಸಿರು ಕಟ್ಟುವಷ್ಟು ಬಿಗಿಯುವ ಅಭ್ಯಾಸ ನಮ್ಮೆಲ್ಲರಿಗೂ ಇದೆ. ಈಗ ಅದರ ಕೆಲಸ ಊತ ತಡೆಯುವುದು, ಅಡಗಿಸುವುದಲ್ಲ. ಎರಡು ಬೆರಳು ಒಳಗೆ ಹೋಗುವಷ್ಟು ಸಡಿಲವಿರಲಿ.

ಊಟದ ವಿಷಯಕ್ಕೆ ಮನೆಯಲ್ಲಿ ಜಗಳ ಖಂಡಿತ. ಗಾಯವಾದವರಿಗೆ ನಂಜು ಅಂತ ಬದನೆಕಾಯಿ, ಮೊಟ್ಟೆ, ಮೀನು, ಕೋಳಿ ಎಲ್ಲಾ ನಿಲ್ಲಿಸಿ ಗಂಜಿ, ಉಪ್ಪಿನಕಾಯಿಗೆ ತಂದಿಡುತ್ತಾರೆ. ಬದನೆಕಾಯಿ ಬಿಟ್ಟುಕೊಡು, ಅದಿಲ್ಲದೆ ಯಾರೂ ಬಡವಾಗಿಲ್ಲ. ಮೊಟ್ಟೆ, ಮೀನು, ಬೇಳೆ, ಹುರುಳಿಕಟ್ಟು ಬಿಡಬೇಡ. ಗಾಯ ಕೂಡುವುದು ಪ್ರೋಟೀನಿನಿಂದ. ಡಾಕ್ಟರು ಬರೆದುಕೊಟ್ಟಿದ್ದಾರೆ ಅಂತ ಚೀಟಿ ತೋರಿಸಿದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ಆದ್ದರಿಂದ ಡಿಸ್ಚಾರ್ಜ್ ಆಗುವಾಗಲೇ ಬರೆಸಿಕೋ.

ಅಮ್ಮ ಶಿಕಾರಿಪುರದ ಹುಚ್ಚರಾಯಸ್ವಾಮಿಗೆ ಹರಕೆ ಹೊತ್ತರೆ ಸಂತೋಷ. ಉರುಳುಸೇವೆ ಅಂತ ಮಾತ್ರ ನಿನ್ನ ಹೆಸರಿನಲ್ಲಿ ಹೊರದಂತೆ ಮೊದಲೇ ಹೇಳಿಡು. ಚಂದ್ರಗುತ್ತಿಯ ಗುಡ್ಡ ಹತ್ತುವುದೂ ತೇರಿನ ಹಗ್ಗಕ್ಕೆ ಕೈ ಹಾಕುವುದೂ ಈ ವರ್ಷ ಇಲ್ಲ.

ಇನ್ನು ನೋಡಲು ಬರುವವರು. ಬ್ರೆಡ್ಡು, ಎಳನೀರು ಹಿಡಿದು ಬಂದು ಮಂಚದ ತುದಿಗೆ ಕೂತು, "ಹಾರ್ಟಿಂದಾ?" ಅಂತ ಕೇಳುತ್ತಾರೆ. ಎದೆ ಆಪರೇಷನ್ ಅಂದರೆ ಅವರಿಗೆ ಅದೊಂದೇ ಗೊತ್ತು. ಗಡ್ಡೆ ತೆಗೆಸಿದ್ದು ಅಂತ ಸುಳ್ಳು ಹೇಳಬೇಡ, ಸಂಜೆಯೊಳಗೆ ಆನವಟ್ಟಿಯವರೆಗೂ ಕ್ಯಾನ್ಸರ್ ಅಂತ ಸುದ್ದಿ ಹೋಗಿರುತ್ತದೆ. "ಆಪರೇಷನ್ ಆಗಿದೆ, ಎತ್ತಬಾರದು ಅಂದಿದ್ದಾರೆ" ಅಂತ ಹೇಳಿ ಸುಮ್ಮನಾಗು. ನಿಜವನ್ನು ಪೂರ್ತಿ ಬಲ್ಲವರು ಮನೆಯಲ್ಲಿ ಒಬ್ಬರಾದರೂ ಇರಲೇಬೇಕು. ಅಕ್ಕನೋ, ಚಿಕ್ಕಪ್ಪನ ಮಗನೋ, ಯಾರೋ ಒಬ್ಬರು. ರಾತ್ರಿ ಹನ್ನೆರಡಕ್ಕೆ ಡಾಕ್ಟರಿಗೆ ಫೋನ್ ಮಾಡುವವರು ಅವರೇ. ಇದು ಉಡುತಡಿಯ ಅಕ್ಕಮಹಾದೇವಿ, ಬಳ್ಳಿಗಾವಿಯ ಅಲ್ಲಮಪ್ರಭು ಹುಟ್ಟಿದ ನೆಲ ಅಂತ ವೇದಿಕೆಯಲ್ಲಿ ಎದೆ ತಟ್ಟಿಕೊಳ್ಳುವವರೇ ನಿನ್ನ ಎದೆಯ ಮಾತು ಬಂದಾಗ ಮುಖ ತಿರುಗಿಸಬಹುದು. ಅದರ ಲೆಕ್ಕ ಈ ಆರು ವಾರದಲ್ಲಿ ಬೇಡ.

ಇದೆಲ್ಲ ಮೊಬೈಲ್ ಬಂದ ಮೇಲಿನ ಹುಚ್ಚು ಅಂತ ಯಾರಾದರೂ ಅಂದರೆ ಮೈಕೇಲ್ ಡಿಲನ್ ಕಥೆ ಹೇಳು. ಹೆಣ್ಣೆಂದು ಬೆಳೆಸಿದ್ದ ಇಂಗ್ಲೆಂಡಿನ ಮನುಷ್ಯ. 1940ರ ದಶಕದ ಆರಂಭದಲ್ಲೇ, ಯುದ್ಧ ನಡೆಯುತ್ತಿದ್ದಾಗ, ಎದೆಯ ಆಪರೇಷನ್ ಮಾಡಿಸಿಕೊಂಡ. 1944ರಲ್ಲಿ ಜನನ ಪತ್ರ ತಿದ್ದಿಸಿಕೊಂಡ. ಡಬ್ಲಿನ್ನಿನಲ್ಲಿ ಓದಿ ಡಾಕ್ಟರಾದ, ಹಡಗಿನ ಡಾಕ್ಟರಾಗಿ ದೇಶ ಸುತ್ತಿದ. 1958ರಲ್ಲಿ ಪತ್ರಿಕೆಯವರು ಅವನ ಗುಟ್ಟು ಬಯಲು ಮಾಡಿದಾಗ ಭಾರತಕ್ಕೆ ಬಂದು ಬೌದ್ಧ ಸನ್ಯಾಸಿಯಾದ. ತೀರಿಕೊಂಡದ್ದೂ ಇಲ್ಲೇ, ಹಿಮಾಚಲದ ಡಾಲ್‌ಹೌಸಿಯಲ್ಲಿ, 1962ರಲ್ಲಿ. ನಮ್ಮವರದೇ ಬೇಕೆಂದರೆ ಬೆಂಗಳೂರಿನ ಹಿಂದೂಸ್ತಾನಿ ಗಾಯಕ ರೂಮಿ ಹರೀಶ್ ಅವರ ಬದುಕಿನ ಕಥನ 'ಜೌನ್‌ಪುರಿ ಖಯಾಲ್' ಇದೆ. ನಿರೂಪಿಸಿದವರು ದಾದಾಪೀರ್ ಜೈಮನ್. ಅಂಗಾತ ಮಲಗಿ ಓದಲು ಹೊತ್ತು ಬೇಕಾದಷ್ಟಿರುತ್ತದೆ. ಪುಸ್ತಕವನ್ನು ಮುಖದ ಮೇಲೆ ಎತ್ತಿ ಹಿಡಿಯದೆ, ಹೊಟ್ಟೆಯ ಮೇಲಿನ ದಿಂಬಿಗೆ ಒರಗಿಸಿಕೋ.

ತಡಮಾಡಬಾರದ ಸಂಗತಿಗಳನ್ನು ಮನೆಯವರಿಗೂ ಬಾಯಿಪಾಠ ಮಾಡಿಸು. ಒಂದೇ ಕಡೆ ಎದೆ ದಿಢೀರನೆ ಊದಿ ಗಟ್ಟಿಯಾಗಿ ನೋವು ಏರಿದರೆ, ಬುಡ್ಡಿಯಲ್ಲಿ ಹಸಿ ಕೆಂಪು ರಕ್ತ ಬೇಗಬೇಗ ತುಂಬಿದರೆ, ಒಳಗೆ ರಕ್ತ ಶೇಖರವಾಗುತ್ತಿದೆ ಅಂತ ಲೆಕ್ಕ. ಆಗ ಬೆಳಗಾಗಲಿ ಅಂತ ಕಾಯಬೇಡ. ಕಾಲಿನ ಮೀನಖಂಡ ಒಂದೇ ಕಡೆ ಊದಿ ನೋಯುತ್ತಿದ್ದರೆ, ಉಸಿರು ಸಾಲದಂತಾದರೆ ನೇರ ಆಸ್ಪತ್ರೆಗೆ. ಗಾಯ ಕೆಂಪಗಾಗಿ ಕೀವು ಬಂದರೆ, ಜ್ವರ 100.4 ಫ್ಯಾರನ್‌ಹೀಟ್ ದಾಟಿದರೆ ಸರ್ಜನ್‌ಗೆ ಫೋನ್. ಜ್ವರದ ಬಗ್ಗೆ ಬೆಂಗಳೂರಿನವರಿಗೆ ತಟ್ಟನೆ ಹೊಳೆಯದ ಮಾತೊಂದಿದೆ. ಕ್ಯಾಸನೂರು ಕಾಡು ಇರುವುದು ನಮ್ಮ ಸೊರಬ ತಾಲ್ಲೂಕಿನಲ್ಲೇ. ಉಣುಗಿನಿಂದ ಹರಡುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದು ಅಲ್ಲೇ. ಅದು ಜೋರಾಗುವುದು ಡಿಸೆಂಬರಿನಿಂದ ಮೇವರೆಗೆ, ಅಂದರೆ ನೀನು ಮಲಗಿರುವ ದಿನಗಳಲ್ಲೇ. ನಾನು ಆ ಕಡೆಯವನು, ಮನೆಯವರು ಸೊಪ್ಪಿನ ಬೆಟ್ಟಕ್ಕೆ ಹೋಗಿಬರುತ್ತಾರೆ, ಉಣುಗು ಕಚ್ಚಿರಬಹುದು ಅಂತ ನೀನೇ ಡಾಕ್ಟರಿಗೆ ಹೇಳಬೇಕು. ತರಗೆಲೆ, ಸೊಪ್ಪಿನ ಹೊರೆ ನಿನ್ನ ಮಂಚದ ಹತ್ತಿರ ಬರಕೂಡದು.

ಎರಡನೇ, ಮೂರನೇ ವಾರಕ್ಕೆ ಅಳು ಬರಬಹುದು. ಇಷ್ಟು ವರ್ಷ ಕಾದದ್ದು ಸಿಕ್ಕಿದ ಮೇಲೆ ಇದೇನು ಅಂತ ನಿನಗೇ ಗಾಬರಿಯಾಗುತ್ತದೆ. ಅರಿವಳಿಕೆ, ನೋವು, ಮಾತ್ರೆ, ಅಂಗಾತ ಬಿದ್ದುಕೊಂಡಿರುವ ಬೇಸರ ಎಲ್ಲಾ ಸೇರಿ ಹಾಗಾಗುತ್ತದೆ. ಬಹಳ ಜನಕ್ಕೆ ಬಂದುಹೋಗಿದೆ, ಪಶ್ಚಾತ್ತಾಪ ಅಂದುಕೊಂಡು ಕೊರಗಬೇಡ. ನನಗೆ ಫೋನ್ ಮಾಡು. ನನ್ನ ಹತ್ತಿರ ಹೇಳಲಾಗದ್ದಿದ್ದರೆ ಟೆಲಿ ಮಾನಸ್‌ನ 14416ಕ್ಕೆ ಮಾಡು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಆರು ವಾರವಾದ ಮೇಲೂ ಸರ್ಜನ್ ಹೂಂ ಅನ್ನುವವರೆಗೆ ಬೈಕ್ ಇಲ್ಲ. ಚಕ್ರ ರಸ್ತೆಯ ಗುಂಡಿಗೆ ಇಳಿದಾಗ ಹ್ಯಾಂಡಲ್ ಹಿಡಿಯುವುದು ಎದೆಯೇ. ದೋಟಿ ಹಿಡಿದು ತಲೆಯೆತ್ತಿ ಕೊನೆ ಕೊಯ್ಯುವುದು ಎಲ್ಲಕ್ಕಿಂತ ಕಡೆಯ ಕೆಲಸ. ಗಾಯ ಪೂರ್ತಿ ಕೂಡಿದ ಮೇಲೆ ಕಲೆಗೆ ಸಿಲಿಕೋನ್ ಪಟ್ಟಿ ಅಥವಾ ಜೆಲ್ ಹಚ್ಚು. ನಮ್ಮ ಮೈಬಣ್ಣಕ್ಕೆ ಕಲೆ ದಪ್ಪ ಕಟ್ಟುವುದು ಹೆಚ್ಚು, ತುರಿಕೆಯಿಂದ ಉಬ್ಬತೊಡಗಿದರೆ ಬೇಗ ತೋರಿಸು. ತೋಟದಲ್ಲಿ ಅಂಗಿ ಬಿಚ್ಚಿ ನಿಲ್ಲುವ ಆಸೆ ನನಗೆ ಗೊತ್ತು. ನಿಲ್ಲು, ನೆರಳಿನಲ್ಲಿ. ಮೊದಲ ಒಂದು ವರ್ಷದಲ್ಲಿ ಕಲೆಗೆ ಬಿಸಿಲು ಬಿದ್ದರೆ ಕಪ್ಪಾಗಿ ಉಳಿಯಬಹುದು. ಇನ್ನೊಂದು, ಆಪರೇಷನ್ನಿನಲ್ಲಿ ಎದೆಯ ಅಂಗಾಂಶ ಪೂರ್ತಿ ಹೋಗಿರುವುದಿಲ್ಲ. ಮುಂದೆ ಗಂಟು ಸಿಕ್ಕರೆ ನಾಚದೆ ಡಾಕ್ಟರ ಹತ್ತಿರ ಹೋಗು.

ಕಾಗದಪತ್ರದ ಮಾತು ಹೇಳಿ ಮುಗಿಸುತ್ತೇನೆ. ಸುಪ್ರೀಂ ಕೋರ್ಟು 2014ರ ಏಪ್ರಿಲ್ 15ರಂದು ನಾಲ್ಸಾ ತೀರ್ಪಿನಲ್ಲಿ ನಮ್ಮ ಲಿಂಗವನ್ನು ಹೇಳಿಕೊಳ್ಳುವ ಹಕ್ಕು ನಮಗೇ ಇದೆ ಅಂದಿತು. 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಕಾಯ್ದೆಯ 7ನೇ ಸೆಕ್ಷನ್, ಶಸ್ತ್ರಚಿಕಿತ್ಸೆ ಆದವರು ಆಸ್ಪತ್ರೆಯ ಮುಖ್ಯಸ್ಥರ ಪತ್ರ ತಂದು ಜಿಲ್ಲಾಧಿಕಾರಿಗೆ ಅರ್ಜಿ ಹಾಕಬಹುದೆಂದು ಹೇಳಿತು. ಈ ನಿಯಮಗಳು ಆಗಾಗ ತಿರುವುಮುರುವಾಗುತ್ತವೆ, ಅರ್ಜಿ ಹಾಕುವ ದಿನ ಏನಿದೆಯೋ ಶಿವಮೊಗ್ಗದ ಕಚೇರಿಯಲ್ಲಿ ವಿಚಾರಿಸಿಯೇ ಹಾಕು. ಏನೇ ಬದಲಾದರೂ ಡಿಸ್ಚಾರ್ಜ್ ಸಮ್ಮರಿ ಮತ್ತು ಆ ಪತ್ರ ಕೇಳಬಹುದು. ಮೂರು ಜೆರಾಕ್ಸ್ ಮಾಡಿಸಿ, ಒಂದು ಫೋಟೋ ತೆಗೆದು ನನಗೂ ಕಳಿಸು. ಒರಿಜಿನಲ್ ಪ್ಲಾಸ್ಟಿಕ್ ಕವರಿನಲ್ಲಿ ನಿನ್ನ ಹತ್ತಿರವೇ ಇರಲಿ. ಭದ್ರವಾಗಿಡು ಅಂತ ಅಮ್ಮನ ಕೈಗೆ ಕೊಟ್ಟೀಯ ಮತ್ತೆ, ಬೀರುವಿನಲ್ಲಿ ಮದುವೆ ಸೀರೆಗಳ ಅಡಿಗೆ ಹೋದ ಕಾಗದ ಬೇಕಾದ ದಿನ ಸಿಕ್ಕ ದಾಖಲೆ ನಮ್ಮ ಕಡೆ ಯಾವ ಮನೆಯಲ್ಲೂ ಇಲ್ಲ.