ಇಳಿಜಾರಿಗೆ ಪಹಣಿಯಿಲ್ಲ

ಸಾಗರದಿಂದ ಪಡುವಲಿಗೆ, ಶರಾವತಿಯ ಹಿನ್ನೀರಿಗೆ ಅನತಿದೂರದಲ್ಲಿ, ಎರಡು ಗುಡ್ಡಗಳ ನಡುವಣ ಕಣಿವೆಯಲ್ಲಿ ಉದ್ದಕ್ಕೆ ಮೈಚಾಚಿಕೊಂಡಿರುವ ನಮ್ಮ ಊರಿನ ತೋಟಗದ್ದೆಗಳ ಒಡೆಯರೆಲ್ಲ ಕೂಡಿ ಕಟ್ಟಿಕೊಂಡ ಹಿಡುವಳಿದಾರರ ಸಂಘಕ್ಕೆ ನಾನು ಹನ್ನೊಂದು ವರ್ಷ ಕಾರ್ಯದರ್ಶಿಯಾಗಿದ್ದೆನು. ಆ ಪದವಿ ಯೋಗ್ಯತೆಯಿಂದ ಬಂದುದೆಂದು ಹೇಳಿಕೊಳ್ಳಲಾರೆನು. ದೇವಸ್ಥಾನದ ಚಂದ್ರಶಾಲೆಯಲ್ಲಿ ನೆರೆದ ಮೊದಲ ಸಭೆಯಲ್ಲಿ ಶಾಯಿ ಆರದ ಲೇಖನಿಯಿದ್ದುದು ನನ್ನ ಜೇಬಿನಲ್ಲಿ ಮಾತ್ರ. 1960ರ ಸಂಘಗಳ ನೋಂದಣಿ ಕಾಯಿದೆಯ ಮೇರೆಗೆ ಏಳು ಜನರ ರುಜುವಿದ್ದರೆ ಸಂಘ ಹುಟ್ಟಬಹುದು. ನಮ್ಮಲ್ಲಿ ರುಜು ಹಾಕಲು ಮೂವತ್ತು ಮಂದಿ ಮುಂದೆ ಬಂದರು. ಬೈಲಾವನ್ನು ಕೊನೆಯವರೆಗೆ ಓದಿದವರು ಇಬ್ಬರು, ಅವರಲ್ಲೊಬ್ಬರು ಅದನ್ನು ಬರೆದುಕೊಟ್ಟ ವಕೀಲರ ಗುಮಾಸ್ತರು.

‘ಪಹಣಿಯಲ್ಲಿ ಹೆಸರುಳ್ಳವನು ಸದಸ್ಯನು’ ಎಂಬ ವಾಕ್ಯ ಆ ಬೈಲಾದ ಮೂರನೆಯ ಕಲಮಿನಲ್ಲಿ ಇದ್ದಿತು. ಅದರಲ್ಲಿ ಯಾವ ಕಂಟಕವೂ ಅಂದು ನಮಗೆ ಕಾಣಲಿಲ್ಲ. ಕಾಗೋಡಿನ ರೈತರು 1951ರಲ್ಲಿ ಸತ್ಯಾಗ್ರಹ ಹೂಡಿದ ತಾಲ್ಲೂಕು ನಮ್ಮದು. 1974ರ ಭೂಸುಧಾರಣೆಯ ತರುವಾಯ ಗೇಣಿದಾರರಾಗಿದ್ದವರೇ ಒಡೆಯರಾಗಿ, ಹಳೆಯ ಒಡೆಯರ ಪಕ್ಕದಲ್ಲಿ ಅದೇ ಜಮಖಾನೆಯ ಮೇಲೆ ಕುಳಿತುಕೊಳ್ಳುತ್ತಿದ್ದರು. ಒಬ್ಬರಿಗೊಬ್ಬರು ಎಲೆಯಡಿಕೆಯ ತಟ್ಟೆಯನ್ನು ದೂಡುವ ವೇಗದಲ್ಲಿಯೇ ಹಳೆಯ ಲೆಕ್ಕ ತೀರಿದೆಯೇ ಇಲ್ಲವೇ ಎಂಬುದು ಗೊತ್ತಾಗುತ್ತಿದ್ದಿತು. ಪಹಣಿಯಲ್ಲಿ ಹೆಸರು ಬಂದುದು ಅವರಲ್ಲಿ ಎಷ್ಟೋ ಮಂದಿಗೆ ಜೀವಮಾನದ ಸಂಗತಿಯಾಗಿದ್ದುದರಿಂದ, ಆ ಹೆಸರೇ ಸದಸ್ಯತ್ವದ ಆಧಾರವಾಗಬೇಕೆಂಬುದು ಎಲ್ಲರಿಗೂ ನ್ಯಾಯವಾಗಿಯೇ ತೋರಿತು.

ಮೊದಲ ಜಗಳ ಹುಟ್ಟಿದುದು ವಂತಿಗೆಯ ವಿಷಯದಲ್ಲಿ. ವಂತಿಗೆ ಎಕರೆಯ ಲೆಕ್ಕಕ್ಕೆ, ಮತ ತಲೆಯ ಲೆಕ್ಕಕ್ಕೆ ಎಂದು ನಾವು ನಿಶ್ಚಯಿಸಿದ್ದೆವು. ಮರುವರ್ಷವೇ ಒಂದು ಅವಿಭಕ್ತ ಕುಟುಂಬದ ನಾಲ್ವರು ಸೋದರರು ಹಿಸ್ಸೆಯಾಗಿ, ಅಷ್ಟೇ ತೋಟಕ್ಕೆ ಅಷ್ಟೇ ವಂತಿಗೆ ಕೊಟ್ಟು, ಒಂದು ಮತದ ಬದಲು ನಾಲ್ಕು ಮತಗಳೊಡನೆ ಸಭೆಗೆ ಬಂದರು. ಹನ್ನೆರಡು ಎಕರೆಯ ಹಿರಿಯರೊಬ್ಬರು, ತಮಗೆ ಮೂವರು ತಮ್ಮಂದಿರನ್ನು ಕೊಡದ ದೈವವನ್ನು ಆ ದಿನ ಬಹಿರಂಗವಾಗಿ ನಿಂದಿಸಿದರು. ಈ ಕ್ರಮವನ್ನು ನಾನು ಬದಲಾಯಿಸಲಿಲ್ಲ. ಇಂದಿಗೂ ಅದು ಸರಿಯೆಂದೇ ನನ್ನ ಭಾವನೆ.

ಕೊಳೆರೋಗದ ಪ್ರಕರಣ ಹೀಗೆ ಹಗುರವಾಗಿ ಕಳೆಯಲಿಲ್ಲ. ಮಳೆಗಾಲದಲ್ಲಿ ಎಳೆಯ ಅಡಿಕೆಗಳನ್ನು ಕೊಳೆಯಿಸಿ ಉದುರಿಸುವ ಈ ವ್ಯಾಧಿಯ ಮೂಲವನ್ನು ಕಳೆದ ಶತಮಾನದ ಆದಿಯಲ್ಲಿ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ ಅವರು ಶೋಧಿಸಿ, ಬೋರ್ಡೋ ದ್ರಾವಣದ ಸಿಂಪಡಣೆಯನ್ನು ಮಲೆನಾಡಿಗೆ ಪರಿಚಯಿಸಿದರು. 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು: ನಮ್ಮ ಕಡೆಯ ಮಕ್ಕಳಿಗೆ ಮಗ್ಗಿಯೊಡನೆ ಇದೂ ಬಾಯಿಪಾಠ. ಹದ ಸರಿಯಾಯಿತೋ ಇಲ್ಲವೋ ಎಂದು ತಿಳಿಯಲು ಕಬ್ಬಿಣದ ಕತ್ತಿಯನ್ನು ದ್ರಾವಣದಲ್ಲಿ ಅದ್ದಿ ನೋಡಬೇಕು. ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದೆಂದು ಅರ್ಥ. ಆದರೆ ಎಷ್ಟೇ ಹದವಾಗಿ ಹೊಡೆದರೂ, ಹೊಡೆಯದೆ ಬಿಟ್ಟ ಪಕ್ಕದ ತೋಟದಿಂದ ಮಳೆಗಾಳಿಯೊಡನೆ ರೋಗ ಬೇಲಿ ದಾಟಿ ಬರುತ್ತದೆ. ಆದುದರಿಂದ ಮೈಲುತುತ್ತನ್ನು ಸಂಘದ ಮೂಲಕ ಒಟ್ಟಾಗಿ ಕೊಂಡು, ಕೊನೆಗಾರರನ್ನು ಸರದಿಯ ಮೇಲೆ ಕಳುಹಿಸಿ, ಇಡೀ ಕಣಿವೆಯನ್ನು ಕೆಲವೇ ದಿನಗಳಲ್ಲಿ ಮುಗಿಸುವ ಏರ್ಪಾಟನ್ನು ಮಾಡಿದೆವು.

ಒಂದು ವರ್ಷ ಆಷಾಢದಲ್ಲಿ ಆರು ಮಂದಿ ರುಜು ಮಾಡಿದ ದೂರೊಂದು ನನ್ನ ಕೈಗೆ ಬಂದಿತು: ಕಣಿವೆಯ ನಡುವಿನಲ್ಲಿ ತೋಟವಿರುವ ವಿಧವೆಯೊಬ್ಬರು ಎರಡು ವರ್ಷದಿಂದ ಔಷಧ ಹೊಡೆಸದೆ ಎಲ್ಲರ ಫಸಲಿಗೂ ಸಂಚಕಾರ ತಂದಿರುವರೆಂದೂ, ಅವರಿಗೆ ದಂಡ ವಿಧಿಸಬೇಕೆಂದೂ. ನಾನು ಬೈಲಾವನ್ನು ತಿರುವಿ ಹಾಕಿ, ದಂಡದ ಕಲಮನ್ನು ಉದ್ಧರಿಸಿ, ಸೊಗಸಾದ ನೋಟೀಸೊಂದನ್ನು ಬರೆದೆನು. ಭಾಷೆಯ ಬಿಗಿಯಲ್ಲಿ ಅಂಥದನ್ನು ಮತ್ತೆ ನಾನು ಬರೆದಿಲ್ಲ. ಅದನ್ನು ಮುಟ್ಟಿಸುವವನು ಜ್ವರದಿಂದ ಮಲಗಿದ್ದುದರಿಂದ ನಾನೇ ಕಂಬಳಿಕೊಪ್ಪೆ ಹಾಕಿಕೊಂಡು ಹೊರಡಬೇಕಾಯಿತು. ಹೋಗಿ ನೋಡಿದರೆ, ಆ ತೋಟಕ್ಕೆ ಇಳಿಯುವ ಹಾದಿಗೆ ಅಡ್ಡಲಾಗಿ ಹೊಸ ಅಗಳ ತೋಡಿದ್ದಿತು. ಅದರ ಆಚೆ ಬೇಲಿ. ದ್ರಾವಣದ ಪೀಪಾಯಿ ಹೊತ್ತು ಸಂಕದ ಸುತ್ತುಹಾದಿಯಲ್ಲಿ ಹೋಗಲು ಯಾವ ಆಳೂ ಒಪ್ಪುತ್ತಿರಲಿಲ್ಲ. ಅಗಳ ತೋಡಿಸಿದವರ ರುಜು ನನ್ನ ಕೈಯಲ್ಲಿದ್ದ ದೂರಿನಲ್ಲಿ ಎರಡನೆಯದಾಗಿದ್ದಿತು. ನೋಟೀಸನ್ನು ಹೊರಗೆ ತೆಗೆಯದೆಯೇ ಆಕೆಯ ಮನೆಯಲ್ಲಿ ಬೆಲ್ಲದ ಕಾಫಿ ಕುಡಿದು ಹಿಂದಿರುಗಿದೆನು. ಸ್ಥಳ ನೋಡದೆ ಯಾವ ದೂರನ್ನೂ ಸಭೆಯ ಮುಂದೆ ಇಡಬಾರದೆಂಬ ಕ್ರಮ ಅಂದಿನಿಂದ ಬಂದುದು, ಮತ್ತು ಅದು ಬಂದುದು ನನ್ನ ವಿವೇಕದಿಂದಲ್ಲ, ಒಬ್ಬ ಆಳಿನ ಜ್ವರದಿಂದ.

ನೀರಿನ ವಿಷಯವನ್ನು ಹೇಳುವಾಗ ನನ್ನ ತಪ್ಪನ್ನೇ ಹೇಳಬೇಕಾಗಿದೆ. ಗುಡ್ಡದ ನೆತ್ತಿಯ ಕಾನಿನಲ್ಲಿ ಹುಟ್ಟಿ ಹರಿಯುವ ಅಬ್ಬಿಯ ನೀರನ್ನು ಬೇಸಗೆಯಲ್ಲಿ ಸರದಿಯಂತೆ ಹಂಚಿಕೊಳ್ಳುವುದು ನಮ್ಮಲ್ಲಿ ಪೂರ್ವಿಕರಿಂದ ನಡೆದು ಬಂದಿದೆ. ಕೆಳಗಿನ ತೋಟದವರು ವರ್ಷವರ್ಷವೂ ಸಭೆಯಲ್ಲಿ ಎದ್ದು ನಿಂತು ತಮ್ಮ ಪಾಳಿಯಲ್ಲಿ ನೀರು ಸಾಲದೆನ್ನುತ್ತಿದ್ದರು. ಪಾಳಿಯ ಗಂಟೆಗಳನ್ನು ಎಕರೆಗೆ ಸರಿಯಾಗಿ ಭಾಗಿಸಿದ ತಃಖ್ತೆಯನ್ನು ನಾನು ವರ್ಷವರ್ಷವೂ ಓದಿ ಹೇಳಿ ಅವರನ್ನು ಕೂರಿಸುತ್ತಿದ್ದೆನು. ಕಾಲುವೆಯ ಬಾಯಿಯಲ್ಲಿ ಬಿಟ್ಟ ನೀರು ಕೆಳಗಿನ ತೋಟವನ್ನು ಮುಟ್ಟುವುದಕ್ಕೆ ಮುಂಚೆ, ಒಣಗಿ ಬಿರಿದ ಮಣ್ಣಿನ ಕಾಲುವೆಯೇ ತನ್ನ ದಾಹವನ್ನು ತೀರಿಸಿಕೊಳ್ಳುತ್ತದೆಂಬುದೂ, ಪಾಳಿಯ ಮೊದಲ ಭಾಗವೆಲ್ಲ ಹೀಗೆ ಕಾಲುವೆಯ ಪಾಲಾಗುತ್ತದೆಂಬುದೂ ನನ್ನ ತಃಖ್ತೆಯಲ್ಲಿ ಇರಲಿಲ್ಲ. ನನ್ನ ತೋಟವಿರುವುದು ಮೇಲ್ಗಡೆ, ಕಾಲುವೆಯ ಬಾಯಿಯಿಂದ ನೂರು ಮಾರಿನೊಳಗೆ. ನಾನು ವಂಚಿಸಿದವನಲ್ಲ, ಆದರೆ ನಾಲ್ಕು ವರ್ಷ ಆ ಕಾಲುವೆಯ ದಡ ಹಿಡಿದು ಕೆಳಗಿನವರೆಗೆ ನಡೆಯುವ ಅಗತ್ಯ ನನಗೆ ತೋರದೆ ಹೋದುದಕ್ಕೆ ನನ್ನ ತೋಟವಿದ್ದ ಜಾಗವೇ ಕಾರಣವೆಂಬುದನ್ನು ಅಲ್ಲಗಳೆಯಲಾರೆನು. ಐದನೆಯ ವರ್ಷ ಪಾಳಿಯನ್ನು ನೀರು ತೋಟ ಮುಟ್ಟಿದ ಗಳಿಗೆಯಿಂದ ಎಣಿಸಲು ತೊಡಗಿದೆವು. ಮೇಲಿನವರು ಆರು ತಿಂಗಳು ನನ್ನೊಡನೆ ಸರಿಯಾಗಿ ಮಾತನಾಡಲಿಲ್ಲ.

ಮೂರನೆಯ ಕಲಮಿನ ಕಂಟಕ ಕಾಣಿಸಿದುದು ಬೆಂಕಿಯಲ್ಲಿ. ನಮ್ಮ ತೋಟಗಳಿಗೆ ಸೊಪ್ಪು, ದರಕು ಒದಗಿಸುವ ಸೊಪ್ಪಿನಬೆಟ್ಟ ಸರಕಾರದ ನೆಲ. ಅದರಲ್ಲಿ ನಮಗಿರುವುದು ಒಡೆತನವಲ್ಲ, ಸವಲತ್ತು ಮಾತ್ರ. ಬೆಟ್ಟದ ಆಚೆಯ ಅಂಚಿನಲ್ಲಿ, 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿನ ನೀರಿನಲ್ಲಿ ಮನೆಮಠ ಕಳೆದುಕೊಂಡು ಬಂದ ಒಂಬತ್ತು ಕುಟುಂಬಗಳಿದ್ದವು. ನಾಡಿಗೆಲ್ಲ ಬೆಳಕು ಕೊಟ್ಟ ನೀರಿಗೆ ತಮ್ಮ ಊರನ್ನು ಬಿಟ್ಟುಕೊಟ್ಟ ಅವರ ಕೈಯಲ್ಲಿ ಹಕ್ಕುಪತ್ರವಿರಲಿಲ್ಲ. ಪಹಣಿಯಿಲ್ಲದುದರಿಂದ ಸಂಘದಲ್ಲಿ ಅವರಿಗೆ ಸ್ಥಾನವೂ ಇರಲಿಲ್ಲ. ಒಂದು ಮಾರ್ಚಿಯ ನಡುಹಗಲಿನಲ್ಲಿ ಬೆಟ್ಟಕ್ಕೆ ಬೆಂಕಿ ಬಿದ್ದಾಗ ನಾವು ಹಿಡುವಳಿದಾರರು ತೋಟದಿಂದ ಮೇಲೇರಿ ಹೋಗುವಷ್ಟರಲ್ಲಿ, ಆ ಒಂಬತ್ತು ಮನೆಗಳ ಗಂಡಸರೂ ಹೆಂಗಸರೂ ಹಸಿಸೊಪ್ಪಿನ ಕೊಂಬೆಗಳಿಂದ ಬಡಿದು, ಬೆಂಕಿ ಕಣಿವೆಗೆ ಇಳಿಯದಂತೆ ತಡೆದು ನಿಂತಿದ್ದರು. ಅವರಲ್ಲೊಬ್ಬ ಮುದುಕನು ಮಸಿ ಹಿಡಿದ ಮುಖವನ್ನು ವಸ್ತ್ರದಿಂದ ಒರೆಸಿಕೊಳ್ಳುತ್ತ, “ಮೀಟಿಂಗಿಗೆ ಕರೆಯೋದಿಲ್ಲ, ಬೆಂಕಿಗೆ ಕರೆಯೋದೇ ಬೇಡ ಅಲ್ಲವಾ?” ಎಂದನು. ಅದರಲ್ಲಿ ಕೋಪವಿದ್ದಿತೋ ವಿನೋದವಿದ್ದಿತೋ ನನಗೆ ತಿಳಿಯಲಿಲ್ಲ.

ಬೈಲಾ ತಿದ್ದಲು ಎರಡು ವರ್ಷ ಹಿಡಿಯಿತು. ಹಕ್ಕಿಲ್ಲದವರನ್ನು ಸೇರಿಸಿದರೆ ನಾಳೆ ಬೆಟ್ಟವನ್ನೇ ಕೇಳಿಯಾರೆಂಬ ಅಂಜಿಕೆ ಅನೇಕರಿಗಿದ್ದಿತು. ವಿಚಿತ್ರವೆಂದರೆ, ಅತ್ಯಂತ ಜೋರಾಗಿ ಹಾಗೆ ಅಂಜಿದವರಲ್ಲಿ ಗೇಣಿಯಿಂದ ಒಡೆತನಕ್ಕೆ ಬಂದವರೂ ಇದ್ದರು. ಕಡೆಗೆ, ಬೆಂಕಿರೇಖೆ ಕಡಿಯಲು ಮುರಿಯಾಳಿಗೆ ಬರುವ ಮನೆಗಳೆಲ್ಲ ಸದಸ್ಯಮನೆಗಳೆಂದು ತಿದ್ದುಪಡಿ ಆಯಿತು. ಮೂರು ಮತಗಳ ಅಂತರದಿಂದ. ಆ ನಾಲ್ವರು ಸೋದರರು ಒಂದಾಗಿ ಕೈಯೆತ್ತಿದ ದಿನ ಅದೊಂದೇ.

ಅಗಳದ ವ್ಯವಹಾರ ಮಾತ್ರ ಪೂರ್ತಿಯಾಗಿ ತೀರಲಿಲ್ಲ. ಬೇಲಿಯಲ್ಲಿ ಉಣುಗೋಲು ಇಟ್ಟು, ಅಗಳಕ್ಕೆ ಎರಡು ಅಡಿಕೆದಬ್ಬೆಯ ಸಂಕ ಹಾಕಿಕೊಡಲು ಒಡೆಯರು ಒಪ್ಪಿದರು. ತೆರೆದವನೇ ಮುಚ್ಚತಕ್ಕದ್ದೆಂದು ನಾನು ನಡವಳಿ ಪುಸ್ತಕದಲ್ಲಿ ಬರೆದೆನು. ಮುಚ್ಚದೆ ಹೋಗುವವರು ಇದ್ದೇ ಇದ್ದಾರೆ, ದನಗಳು ನುಗ್ಗುತ್ತಲೇ ಇವೆ. ಕಳೆದ ತಿಂಗಳು ನಮ್ಮ ಮನೆಯ ಕಡಸೊಂದು ಆ ದಾರಿಯಾಗಿ ಒಳಗೆ ಹೋಗಿ ಎಳೆಯ ಅಡಿಕೆಗಿಡಗಳ ಸುಳಿ ತಿಂದು ಬಂದಿತು. ಮರುದಿನ ಬೆಳಿಗ್ಗೆ ಹೊಸ ಕಾರ್ಯದರ್ಶಿ, ಸ್ಥಳವನ್ನು ನೋಡಿಕೊಂಡೇ ಬಂದಿದ್ದವನು, ಮೊಣಕಾಲಿನ ಕೆಸರಿನೊಡನೆ ಜಗಲಿಯ ಮೇಲೆ ಕುಳಿತು ನೋಟೀಸನ್ನು ನನ್ನ ಕೈಗಿತ್ತನು. ಅದರ ಭಾಷೆ ಪರಿಚಿತವಾಗಿ ತೋರಿತು. ನಾನು ಮುಟ್ಟಿಸದೆ ತಂದ ಹಳೆಯ ನೋಟೀಸಿನ ಪ್ರತಿಯನ್ನು ಅವನು ಕಡತದಲ್ಲಿ ಕಂಡಿದ್ದನು.