ಹೆಬ್ಬೆಟ್ಟಿನ ಕಾವಲು



ಓದು ಬಾರದವನ ಹೆಬ್ಬೆಟ್ಟನ್ನು ಬರಿಯ ಕಾಗದದ ಮೇಲೆ ಒತ್ತಿಸಿಕೊಂಡು, ಬಳಿಕ ಮನಸ್ಸಿಗೆ ಬಂದಷ್ಟು ಸಾಲವನ್ನು ಅದರಲ್ಲಿ ಬರೆದುಕೊಂಡ ಸಾಹುಕಾರರ ಸಂಗತಿಯನ್ನು ನಮ್ಮ ಹಿರಿಯರು ಬಲ್ಲರು. ಆ ಕಾಲವು ಕಳೆದುಹೋಯಿತೆಂದು ನಾವು ನೆನಸುತ್ತೇವೆ. ಆದರೆ ಈ ದಿನಗಳಲ್ಲಿ ಹೆಬ್ಬೆಟ್ಟಿನ ಬೆಲೆಯು ಕಡಿಮೆಯಾಗದೆ ಹೆಚ್ಚೇ ಆಗಿದೆ. ಓದು ಬಲ್ಲವನಿಗೂ ಬಾರದವನಿಗೂ ಅದು ಬ್ಯಾಂಕಿನ ಬೀಗದ ಕೈಯಾಗಿರುತ್ತದೆ. ಆದದರಿಂದ ಅದನ್ನು ಕಾಯುವ ರೀತಿಯನ್ನು ಈ ಪಾಠದಲ್ಲಿ ಕಲಿಯೋಣ.

1. ಬೆರಳು ಬೀಗದ ಕೈಯಾದ ಬಗೆ

ಊರಿನ ಅಂಗಡಿಯಲ್ಲಿ ಬ್ಯಾಂಕಿನ ಪರವಾಗಿ ಹಣ ಕೊಡುವವನ ಬಳಿ ಒಂದು ಸಣ್ಣ ಯಂತ್ರವಿರುವದು. ಬ್ಯಾಂಕಿನ ಹೆಸರನ್ನೂ 12 ಅಂಕೆಗಳ ಆಧಾರ್ ಸಂಖ್ಯೆಯನ್ನೂ ಹೇಳಿ ಬೆರಳಿಟ್ಟರೆ ಹಣವು ಕೈಸೇರುವದು. ಪಿಂಚಣಿಗಾಗಿ ಪಟ್ಟಣಕ್ಕೆ ನಡೆಯಲಾರದ ವೃದ್ಧರಿಗೆ ಇದು ದೊಡ್ಡ ಉಪಕಾರವೇ ಸರಿ. ಆದರೆ ಇಲ್ಲಿ ಕಾರ್ಡೂ ಬೇಡ, ಗುಪ್ತಸಂಖ್ಯೆಯೂ ಬೇಡ. ಹೀಗಿರಲಾಗಿ ಆಧಾರ್ ಸಂಖ್ಯೆ, ಬೆರಳಚ್ಚು ಇವೆರಡೂ ಕಳ್ಳನಿಗೆ ದೊರೆತರೆ ಖಾತೆಯ ಬಾಗಿಲು ಅವನಿಗೂ ತೆರೆಯುವದು.

2. ಕಳ್ಳರ ಉಪಾಯಗಳು

2023ರಲ್ಲಿ ಮಂಗಳೂರಿನ ಸೀಮೆಯಲ್ಲಿ, ಆಸ್ತಿಯ ನೊಂದಾವಣೆ ಮಾಡಿಸಿ ಬಂದ ಅನೇಕರ ಖಾತೆಗಳಿಂದ ಅವರಿಗರಿಯದೆ ಹಣವು ಹೋಯಿತು. ನೊಂದಾವಣೆ ಪತ್ರಗಳಲ್ಲಿದ್ದ ಬೆರಳಚ್ಚುಗಳೂ ಆಧಾರ್ ಸಂಖ್ಯೆಗಳೂ ವಂಚಕರ ಕೈಸೇರಿದ್ದವೆಂದು ವಿಚಾರಣೆಯಿಂದ ತಿಳಿದುಬಂತು. ಅಂಥ ಅಚ್ಚಿನಿಂದ ಸಿಲಿಕೋನಿನ ಕೃತಕ ಬೆರಳನ್ನು ಮಾಡಿ ಯಂತ್ರವನ್ನು ಮೋಸಗೊಳಿಸುವದುಂಟು.

ಇನ್ನೊಂದು ಉಪಾಯಕ್ಕೆ ಇಷ್ಟು ಜಾಣತನವೂ ಬೇಡ. ಯಂತ್ರದವನು, “ಅಚ್ಚು ಮೂಡಲಿಲ್ಲ, ಮತ್ತೊಮ್ಮೆ ಇಡಿರಿ” ಎಂದು ಹೇಳಿ ಎರಡು ಸಾರಿ ಹಣ ತೆಗೆಯುವನು. ಇಲ್ಲವೆ “ಪಿಂಚಣಿ ಇನ್ನೂ ಬಂದಿಲ್ಲ” ಎಂದು ಕಳುಹಿಸಿ, ಬಂದದ್ದನ್ನು ತಾನೇ ಇಟ್ಟುಕೊಳ್ಳುವನು. ಆ ವಿಧವೆಯ ಮನೆಯಲ್ಲಿ ಒಂದು ತಿಂಗಳ ಅಕ್ಕಿಯೂ ಔಷಧವೂ ಹೀಗೆ ಹೋಗುವವು; ಅವಳೋ ಸರಕಾರವೇ ಕೊಡಲಿಲ್ಲವೆಂದು ನಂಬಿ ಸುಮ್ಮನಿರುವಳು.

3. ಕಾಯುವ ರೀತಿ

ಮೊದಲನೆಯದು, ಬೆರಳಚ್ಚಿಗೂ ಬೀಗ ಹಾಕಬಹುದು. ಆಧಾರ್ ಸೇವಾ ಕೇಂದ್ರದಲ್ಲಾಗಲಿ, ಮೊಬೈಲಿನ ಆಧಾರ್ ಸಾಧನದಿಂದಾಗಲಿ ಇದನ್ನು ಮಾಡಿಸಿಕೊಳ್ಳಬೇಕು. ಬೀಗವಿರುವ ವರೆಗೆ ಬೆರಳಿಟ್ಟು ಹಣ ತೆಗೆಯುವದಕ್ಕೆ ಯಾರಿಂದಲೂ ಆಗದು. ಆದರೆ ಪಡಿತರದ ಅಂಗಡಿಯಲ್ಲಿಯೂ ಬೆರಳು ಕೇಳುವದರಿಂದ, ಹೋಗುವ ಮುಂಚೆ ಬೀಗ ತೆಗೆಯುವದನ್ನು ಮರೆಯಬಾರದು.

ಎರಡನೆಯದು, ಬೆರಳಿಟ್ಟಾಗಲೆಲ್ಲಾ ಚೀಟಿಯನ್ನು ಕೇಳಿ ಪಡೆಯಬೇಕು. ಪಾಸುಬುಕ್ಕನ್ನು ತಿಂಗಳಿಗೊಮ್ಮೆ ಬರೆಯಿಸಬೇಕು. ಚೀಟಿ ಕೇಳುವದು ಅಂಗಡಿಯವನಿಗೆ ಅವಮಾನವಲ್ಲ. ಪ್ರಾಮಾಣಿಕನಾದವನನ್ನು ಅದೇ ಚೀಟಿಯು ಅಪವಾದದಿಂದ ಕಾಯುವದು.

ಮೂರನೆಯದು, ಆಧಾರಿನ ನಕಲನ್ನು ಕೊಡಬೇಕಾದಲ್ಲಿ, ಮೊದಲಿನ 8 ಅಂಕೆಗಳನ್ನು ಮರೆಮಾಡಿ ಕಡೆಯ 4 ಅಂಕೆಗಳನ್ನು ಮಾತ್ರ ತೋರಿಸುವ ಪ್ರತಿಯು ಸಾಕಾಗುವದೋ ಎಂದು ವಿಚಾರಿಸಬೇಕು. ಯೋಜನೆಯ ಹೆಸರು ಹೇಳಿಕೊಂಡು ಮನೆಬಾಗಿಲಿಗೆ ಬಂದ ಅಪರಿಚಿತನ ಯಂತ್ರದ ಮೇಲೆ ಬೆರಳಿಡಲೇಬಾರದು.

ನಾಲ್ಕನೆಯದು, ಮೊಬೈಲಿಗೆ ಬರುವ ಓಟಿಪಿ ಎಂಬ ಸಂಖ್ಯೆಯನ್ನು ಫೋನು ಮಾಡಿ ಕೇಳಿದವರಿಗೆ ಹೇಳಬಾರದು. ಹಣವನ್ನು ಪಡೆಯುವದಕ್ಕೆ ಗುಪ್ತಸಂಖ್ಯೆಯನ್ನು ಒತ್ತಬೇಕೆಂದು ಯಾರಾದರೂ ಹೇಳಿದರೆ, ಅವನು ಕಳ್ಳನೆಂದು ತಿಳಿಯಿರಿ.

4. ಕಳೆದುಕೊಂಡಾಗ

ತಡಮಾಡದೆ 1930 ಎಂಬ ಸಂಖ್ಯೆಗೆ ಫೋನು ಮಾಡಿ ಬ್ಯಾಂಕಿಗೂ ತಿಳಿಸಬೇಕು. ಯಾಕಂದರೆ ಕದ್ದ ಹಣವು ಖಾತೆಯಿಂದ ಖಾತೆಗೆ ಓಡುತ್ತಿರುವದು. ಅದನ್ನು ನಗದಾಗಿ ತೆಗೆಯುವ ಮುಂಚೆ ಸುದ್ದಿ ಮುಟ್ಟಿದರೆ ತಡೆಹಿಡಿಯಲು ಸಾಧ್ಯವುಂಟು. 2017ರ ಜುಲೈ 6ರಂದು ರಿಸರ್ವ್ ಬ್ಯಾಂಕು ಹೊರಡಿಸಿದ ಸುತ್ತೋಲೆಯು ಒಂದು ಭೇದವನ್ನು ತೋರಿಸಿತು: ಬ್ಯಾಂಕಿನದಾಗಲಿ ಗಿರಾಕಿಯದಾಗಲಿ ತಪ್ಪಿಲ್ಲದೆ ಹಣ ಹೋಗಿ, ಬ್ಯಾಂಕಿನ ಸೂಚನೆ ಬಂದ ಮೇಲೆ ಕೆಲಸದ 3 ದಿನಗಳೊಳಗೆ ಗಿರಾಕಿಯು ತಿಳಿಸಿದರೆ ಅವನಿಗೆ ನಷ್ಟವಿಲ್ಲ, ಗುಟ್ಟನ್ನು ತಾನೇ ಬಿಟ್ಟುಕೊಟ್ಟಿದ್ದರೆ, ತಿಳಿಸುವ ವರೆಗಿನ ನಷ್ಟವು ಅವನದೇ. ಎರಡು ಸಂಗತಿಗಳಲ್ಲಿಯೂ ಬೇಗನೆ ತಿಳಿಸಿದವನಿಗೇ ಲಾಭ.

ಆದರೂ ಅನೇಕರು ತಿಳಿಸುವದಿಲ್ಲ. ಮಗನು ಬೈಯುವನು, ನೆರೆಯವರು ನಗುವರು ಎಂಬ ಅಂಜಿಕೆಯಿಂದ ಬಾಯಿ ಮುಚ್ಚಿಕೊಳ್ಳುವರು. ಈ ನಾಚಿಕೆಯೇ ಕಳ್ಳನ ಆಪ್ತಮಿತ್ರನು. ಕದ್ದವನು ನಾಚಬೇಕೇ ಹೊರತು ಕಳೆದುಕೊಂಡವನಲ್ಲ. ಆದದರಿಂದ ಮೋಸಹೋದವರನ್ನು ಹಾಸ್ಯಮಾಡದೆ ಅವರ ಸಂಗಡ ಬ್ಯಾಂಕಿಗೆ ಹೋಗೋಣ. ಓದು ಬಲ್ಲವರು ಪಿಂಚಣಿಯ ದಿನ ನೆರೆಯ ಮುದುಕಿಯ ಜೊತೆಯಲ್ಲಿ ನಿಂತು ಚೀಟಿಯನ್ನು ಓದಿ ಹೇಳಲಿ. ಅರ್ಧ ಗಳಿಗೆಯ ಈ ಕೆಲಸದಿಂದ ಒಂದು ಮನೆಯ ಒಲೆಯು ಆ ತಿಂಗಳು ಆರದೆ ಉಳಿಯುವದು.

ಪ್ರಶ್ನೆಗಳು

1. ಬೆರಳಿಟ್ಟು ಹಣ ತೆಗೆಯಲು ಏನೇನು ಬೇಕು? ಏನು ಬೇಡ?
2. ಚೀಟಿ ಪಡೆಯುವದರಿಂದ ಯಾರಾರಿಗೆ ಪ್ರಯೋಜನ?
3. ಹಣ ಹೋಯಿತೆಂದು ತಿಳಿದ ಕೂಡಲೇ ಯಾರಿಗೆ ತಿಳಿಸಬೇಕು? ತಡಮಾಡಿದರೆ ಏನಾಗುವದು?
4. ನಮ್ಮ ಕೇರಿಯಲ್ಲಿ ಚೀಟಿ ಓದಲಾರದವರು ಯಾರಿದ್ದಾರೆ? ಮುಂದಿನ ಪಿಂಚಣಿಯ ದಿನ ಅವರ ಜೊತೆಯಲ್ಲಿ ಯಾರು ಹೋಗುವರು?